ಮೇಷ್ಟರು ಹೋಗುವುದೇಕೆ?

ಕಳೆದ ತಿಂಗಳು ಬ್ಯಾಂಕಿಗೆ ಹೋಗಿದ್ದಾಗ ವಿಮಾ ಪಾಲಿಸಿಯ ಕರಪತ್ರ ಹಿಡಿದು ಬಳಿಗೆ ಬಂದ ಯುವಕ ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಎಂ.ಎಸ್ಸಿ., ಜೊತೆಗೆ ಬಿ.ಇಡಿ. ನಾಲ್ಕು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದ. ಬಿಟ್ಟದ್ದೇಕೆಂದು ಕೇಳಿದೆ. ‘ಪಾಠ ಬೇಸರವಾಗಿ ಅಲ್ಲ ಸಾರ್. ಶಾಲೆಗೆ ಬೇಸಿಗೆ ರಜೆ ಎಂದರೆ ಮನೆ ಮಾಲೀಕರು ಬಾಡಿಗೆ ಬಿಡುತ್ತಾರೆಯೇ?’ ಎಂದ.

2025–26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅತಿಥಿ ಶಿಕ್ಷಕರ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಿತು. ಪ್ರಾಥಮಿಕ ಶಾಲೆಯಲ್ಲಿ 12,000, ಪ್ರೌಢಶಾಲೆಯಲ್ಲಿ 12,500. ಬೆಂಗಳೂರಿನಲ್ಲಿ ಈ ಮೊತ್ತದಿಂದ ಸಂಸಾರ ನಡೆಸುವುದು ಹೇಗೆಂಬುದನ್ನು ಗಣಿತದ ಮೇಷ್ಟರೂ ಬಿಡಿಸಲಾರರು. ಕಾಯಂ ಹುದ್ದೆ ತುಂಬುವವರೆಗಿನ ತಾತ್ಕಾಲಿಕ ಏರ್ಪಾಡಾಗಿದ್ದದ್ದು ಈಗ ಪ್ರತಿ ಜೂನ್‌ನ ಪದ್ಧತಿಯಾಗಿದೆ. ಶಾಲೆಯೊಂದರ ಖಾಲಿ ಹುದ್ದೆಗಳು ಶೇ 10ನ್ನು ಮೀರಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅಂದಹಾಗೆ, ನಮ್ಮಲ್ಲಿ ಅತಿಥಿಯನ್ನು ಬಾಗಿಲವರೆಗೆ ಬಂದು ಬೀಳ್ಕೊಡುವ ವಾಡಿಕೆಯಾದರೂ ಇದೆ.

ಕಾಯಂ ಶಿಕ್ಷಕರಿಗೆ ಸಂಬಳದ ಚಿಂತೆ ಅಷ್ಟಿಲ್ಲ. ಅವರನ್ನು ಹಣ್ಣಾಗಿಸುತ್ತಿರುವುದು ಪಾಠವಲ್ಲದ ಕೆಲಸ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಮತದಾರರ ಪಟ್ಟಿ. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಹೊರತು ಅನ್ಯ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂಬುದು ಅದೇ ಕಾಯ್ದೆಯ 27ನೇ ಸೆಕ್ಷನ್. ಆದರೂ 2025ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರು ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಬೆಲೆಯನ್ನು ತರಗತಿಯೇ ತೆರಬೇಕೆ ಎಂಬುದಷ್ಟೇ ಪ್ರಶ್ನೆ.

ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವಷ್ಟು ಶುದ್ಧರು ನಾವೂ ಅಲ್ಲ. ನನ್ನ ಮೊಮ್ಮಗಳು ಓದುವುದು ಖಾಸಗಿ ಶಾಲೆಯಲ್ಲಿ. ಹೋದ ವರ್ಷ ಆಕೆಯ ಅರ್ಧ ಅಂಕಕ್ಕಾಗಿ ರಾತ್ರಿ ಹತ್ತು ಗಂಟೆಗೆ ಅವಳ ಶಿಕ್ಷಕಿಗೆ ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿದವನು ನಾನೇ. ಮೂವತ್ತೆರಡು ವರ್ಷ ಉತ್ತರ ಪತ್ರಿಕೆ ತಿದ್ದಿದವನು! ಹತ್ತೂವರೆಗೆಲ್ಲ ಕ್ಷಮಾಪಣೆಯೊಡನೆ ಉತ್ತರ ಬಂತು. ಡಿಸೆಂಬರ್‌ನಲ್ಲಿ ಆಕೆ ಕೆಲಸ ಬಿಟ್ಟು ಸಾಫ್ಟ್‌ವೇರ್ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗ ಸೇರಿದರು. ಅಲ್ಲಿ ಸಂಜೆ ಆರರ ನಂತರ ಫೋನ್ ಬರುವುದಿಲ್ಲವಂತೆ. ನಾವು ತೆತ್ತ ಶುಲ್ಕದಲ್ಲಿ ಆಕೆಯ ಕೈಸೇರುತ್ತಿದ್ದುದು ಎಷ್ಟೆಂದು ಪೋಷಕರ ಸಭೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಜುಕೊಳದ ಬಗ್ಗೆ ಮಾತ್ರ ದೀರ್ಘ ಚರ್ಚೆಯಾಗಿತ್ತು.

ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳೂ ಸಂಬಳ ಸಿಗುವಂತಾಗಬೇಕು. ಕಾಯಂ ನೇಮಕಾತಿ ಶಾಲೆ ತೆರೆಯುವ ಮುನ್ನವೇ ಮುಗಿಯಬೇಕು. ನಾಲ್ಕಾರು ಶಾಲೆಗಳಿಗೆ ಒಬ್ಬರಂತೆ ಗುಮಾಸ್ತರನ್ನು ಕೊಟ್ಟರೂ ಶಿಕ್ಷಕರ ಎಷ್ಟೋ ಗಂಟೆಗಳು ತರಗತಿಗೆ ಮರಳುತ್ತವೆ. ಖಾಸಗಿ ಶಾಲೆಗಳು ಶುಲ್ಕದ ವಿವರದೊಂದಿಗೆ ಶಿಕ್ಷಕರ ವೇತನವನ್ನೂ ಸೂಚನಾ ಫಲಕದಲ್ಲಿ ಪ್ರಕಟಿಸಲಿ.

ಪಾಲಿಸಿಗೆ ಸಹಿ ಹಾಕಿಸಿಕೊಂಡು ಹೊರಡುವಾಗ ಆ ಹುಡುಗ, ‘ನಮ್ಮ ಹತ್ತನೇ ತರಗತಿಗೆ ಗಣಿತಕ್ಕೆ ಯಾರು ಬಂದರೋ ವಿಚಾರಿಸಿ ಸಾರ್’ ಎಂದಿದ್ದ. ವಿಚಾರಿಸಿದೆ. ಸದ್ಯಕ್ಕೆ ಜೀವಶಾಸ್ತ್ರದ ಮೇಡಂ ನೋಡಿಕೊಳ್ಳುತ್ತಿದ್ದಾರಂತೆ.