ಮಹಾಮಾರಿ, ಪಂಚಾಯತು ಮತ್ತು ನಮ್ಮ ನುಡಿ

'ಊರಿಗೆ ಬಂದವಳು ನೀರಿಗೆ ಬಾರದಿರುವಳೇ?' ಎಂಬ ಗಾದೆಯುಂಟು. ದೂರದ ವುಹಾನಿನ ಸುದ್ದಿಯಾಗಿದ್ದ ಕೋವಿಡ್ ರೋಗವು 2020ರ ಫೆಬ್ರವರಿ 3ರಂದು ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಕಾಣಿಸಿಕೊಂಡಿತು. ಅದು ಭಾರತದ ಮೂರನೆಯ ಪ್ರಕರಣ. ಮಾರ್ಚ್ ಕೊನೆಗೆ ಕೇರಳದಲ್ಲಿ ಅತಿ ಹೆಚ್ಚು ರೋಗಿಗಳಿದ್ದ ಜಿಲ್ಲೆ ನಮ್ಮದೇ ಆಗಿತ್ತು. ಕಿರಿಯ ಮಕ್ಕಳಿಗೆ ಆ ದಿನಗಳ ನೆನಪು ಮಸುಕಾಗಿರಬಹುದು, ಹೆತ್ತವರು ಮರೆತಿರಲಾರರು.

ಆಗ ನಮ್ಮ ಬಾಗಿಲಿಗೆ ಬಂದವರು ಯಾರು? ತಿರುವನಂತಪುರದ ಮಂತ್ರಿಗಳಲ್ಲ. ವಾರ್ಡಿನ ಸದಸ್ಯರು, ಆಶಾ ಕಾರ್ಯಕರ್ತೆಯರು, ಕುಟುಂಬಶ್ರೀಯ ಹೆಂಗಸರು. ಪರವೂರಿನಿಂದ ಮರಳಿದವರು ಯಾವ ಮನೆಯಲ್ಲಿದ್ದಾರೆ, ಯಾವ ಅಜ್ಜನಿಗೆ ಸಕ್ಕರೆ ಕಾಯಿಲೆಯ ಮದ್ದು ಮುಗಿದಿದೆ ಎಂಬುದು ಅವರಿಗೆ ಗೊತ್ತಿತ್ತು. ಪಂಚಾಯತುಗಳು ಸಮುದಾಯ ಅಡುಗೆಮನೆಗಳನ್ನು ತೆರೆದು, ಮನೆಯಿಂದ ಹೊರಡಲಾಗದವರಿಗೆ ಊಟದ ಪೊಟ್ಟಣ ತಲುಪಿಸಿದವು.

ಇದು ಒಂದೇ ದಿನದಲ್ಲಿ ಆದ ಏರ್ಪಾಡಲ್ಲ. 1994ರ ಕೇರಳ ಪಂಚಾಯತ್ ರಾಜ್ ಕಾನೂನಿನ ತರುವಾಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಗ್ರಾಮ ಪಂಚಾಯತುಗಳಿಗೆ ಬಂದಿತು. 1996ರ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ಹಣದ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನವಾಯಿತು. ಹಣವೂ ಹೊಣೆಯೂ ಮೊದಲೇ ಕೈಯಲ್ಲಿದ್ದುದರಿಂದಲೇ ಪಂಚಾಯತು ಮೇಲಿನ ಆಜ್ಞೆಗಾಗಿ ಕೈಕಟ್ಟಿ ಕುಳಿತಿರಬೇಕಾಗಲಿಲ್ಲ.

ಆದರೆ ಪಂಚಾಯತಿನ ಕೈಗೆ ಎಟುಕದ ಸಂಗತಿಗಳೂ ಇದ್ದುವು. ದೊಡ್ಡ ಕಾಯಿಲೆಗೆ ನಾವು ಎಂದೂ ನಂಬಿದ್ದುದು ಮಂಗಳೂರನ್ನು. ಆ ಮಾರ್ಚಿನಲ್ಲಿ ಗಡಿಯ ರಸ್ತೆಗಳು ಮುಚ್ಚಿದಾಗ, ಬೇರೆ ಕಾಯಿಲೆಗಳಿಂದ ಬಳಲುತ್ತಿದ್ದ ಹಲವರು ಆಸ್ಪತ್ರೆ ಮುಟ್ಟಲಾರದೆ ತೀರಿಕೊಂಡರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಏಪ್ರಿಲಿನಲ್ಲಿ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆ ತೆರೆಯಬೇಕಾಯಿತು. ಅಧಿಕಾರವನ್ನು ಊರಿಗೆ ಹಂಚಿದರೆ ಸಾಲದು, ಒಳ್ಳೆಯ ಆಸ್ಪತ್ರೆಯೂ ಊರಿಗೆ ಸಮೀಪವಿರಬೇಕು.

ಇನ್ನೊಂದು ಕೊರತೆಯನ್ನು ಕನ್ನಡ ಕಲಿಸುವ ನಾವು ಹೇಳಲೇಬೇಕು. ಆ ದಿನಗಳಲ್ಲಿ ನೆರೆಮನೆಯ ಅಜ್ಜಿಯೊಬ್ಬರು ಸೂಚನಾಪತ್ರವೊಂದನ್ನು ಅಂಗಳದಾಚೆಯಿಂದ ಎತ್ತಿ ತೋರಿಸಿ, "ಮಾಷ್ಟ್ರೇ, ಇದರಲ್ಲಿ ಎಂತ ಬರೆದಿದೆ?" ಎಂದು ಕೇಳಿದರು. ಅದು ಮಲಯಾಳದಲ್ಲಿ ಮಾತ್ರ ಇತ್ತು. ನಾವು ಎರಡೂ ಭಾಷೆಗಳಲ್ಲಿ ಕಲಿತವರಾದುದರಿಂದ ಓದಿ ಹೇಳಿದೆವು. ಜ್ವರ ಬಂದರೆ ಯಾರಿಗೆ ತಿಳಿಸಬೇಕು ಎಂಬ ಮುಖ್ಯ ಮಾತೇ ಅದರಲ್ಲಿತ್ತು. ಓದಿ ಹೇಳುವವರಿಲ್ಲದ ಮನೆಗಳ ಗತಿಯೇನು? ಮಲಯಾಳದ ಮೇಲೆ ನಮಗೆ ದ್ವೇಷವಿಲ್ಲ. ಅದು ನಮ್ಮ ನೆರೆನುಡಿ. ಆದರೆ ರೋಗಿಗೆ ಅರ್ಥವಾಗದ ಸೂಚನೆ ಬಾಟಲಿಯಲ್ಲೇ ಉಳಿದ ಮದ್ದಿನಂತೆ. ಕನ್ನಡಿಗರಿರುವ ವಾರ್ಡುಗಳಲ್ಲಿ ಆರೋಗ್ಯದ ಪ್ರತಿಯೊಂದು ಸೂಚನೆಯೂ ಕನ್ನಡದಲ್ಲಿಯೂ ಇರಬೇಕೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ದಾರಿ ದೂರವಿಲ್ಲ. ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕೆಂಬುದು ಕಾನೂನು. ಹೆತ್ತವರೇ, ಫಲಾನುಭವಿಗಳ ಪಟ್ಟಿಗೆ ಹೆಸರು ಸೇರಿಸಲು ಮಾತ್ರ ಅಲ್ಲಿಗೆ ಹೋಗಬೇಡಿ. ನಮ್ಮ ಆರೋಗ್ಯ ಕೇಂದ್ರದಲ್ಲಿ ವೈದ್ಯರಿದ್ದಾರೆಯೇ, ಮದ್ದು ಇದೆಯೇ, ಸೂಚನಾಫಲಕ ಕನ್ನಡದಲ್ಲಿದೆಯೇ ಎಂದು ಎದ್ದುನಿಂತು ಕೇಳಿ. ವಿದ್ಯಾರ್ಥಿಗಳೇ, ಎರಡು ಭಾಷೆ ಬಲ್ಲ ನೀವು ಮನೆಯ ಹಿರಿಯರಿಗೆ ಓದಿ ಹೇಳಿ. ಕನ್ನಡದಲ್ಲಿ ಬರೆದುಕೊಡಲು ಪಂಚಾಯತಿಗೆ ನೆರವಾಗಿ. ಮುಂದಿನ ಮಾರಿ ಹೇಳಿ ಕೇಳಿ ಬರುವುದಿಲ್ಲ. ಅದು ಬರುವ ಮೊದಲೇ ನಾವು ಕೇಳಬೇಕಾದುದನ್ನು ಕೇಳಿರೋಣ.