ಬಣವೆಯ ಬಿಸಿ

ಗಣಿತವೆಂದೊಡನೆ ಪುಟ ಮಗುಚುವ ವಾಚಕರು ಈ ಸಲ ಸ್ವಲ್ಪ ತಾಳಬೇಕೆಂದು ಬೇಡುತ್ತೇವೆ. ನಾವು ಹೇಳಹೊರಟಿರುವುದು ಮೇವಿನ ಬಣವೆಯ ಮಾತು. ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ನಮ್ಮವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಹಸಿ ಆರದ ಮೇವನ್ನು ಒತ್ತಾಗಿ ಒಟ್ಟಬಾರದೆಂದು ಹಿರಿಯರು ಗದರಿಸುವುದುಂಟು.

ಕಾರಣವಿಷ್ಟೆ. ಹಸಿ ಮೇವು ಒಳಗೊಳಗೇ ಕಾಯುತ್ತದೆ. ಆ ಬಿಸಿ ಹೊರಮೈಗೆ ಹರಿದು ಗಾಳಿಯಲ್ಲಿ ಸೇರಿಹೋಗಬೇಕು. ಹುಟ್ಟುವ ಬಿಸಿಯೂ ಹೋಗುವ ಬಿಸಿಯೂ ಸರಿತೂಗಿದರೆ ಬಣವೆ ಕ್ಷೇಮ. ಆದರೆ ಕಾದಷ್ಟೂ ಹೊಸ ಬಿಸಿ ಹುಟ್ಟುವ ವೇಗ ಹೆಚ್ಚುತ್ತದೆ, ಅದೂ ಚಕ್ರಬಡ್ಡಿಯ ಸಾಲದಂತೆ. ಇದನ್ನು ಲೆಕ್ಕಕ್ಕಿಳಿಸಿದರೆ ಒಂದು ಅವಕಲ ಸಮೀಕರಣ ದೊರೆಯುತ್ತದೆ. ಎರಡು ಅಂಚುಗಳಲ್ಲಿಯೂ ಬಿಸಿ ಹೊರಗಿನ ಗಾಳಿಯಷ್ಟೇ ಇರಬೇಕೆಂಬುದು ಗಡಿಯ ನಿಬಂಧನೆ. ಒಳಗೆಲ್ಲ ಅದಕ್ಕಿಂತ ಹೆಚ್ಚಿರಬೇಕು. ಎಂದರೆ ಉತ್ತರ ಧನವಾಗಿರಬೇಕು.

ಉದ್ದ ಗೋಡೆಯಂತೆ ಒಟ್ಟಿದ ಬಣವೆಯನ್ನು ಭಾವಿಸಿಕೊಳ್ಳಿ. ಅದರ ದಪ್ಪ, ಮೇವಿನ ಗುಣ, ಹೊರಗಿನ ಉಷ್ಣತೆ ಎಲ್ಲವೂ ಒಂದೇ ಸಂಖ್ಯೆಯಲ್ಲಿ ಅಡಕವಾಗುತ್ತವೆ. ಆ ಸಂಖ್ಯೆ ಸುಮಾರು 3.51ಕ್ಕಿಂತ ಕಡಿಮೆಯಿದ್ದರೆ ಸಮೀಕರಣಕ್ಕೆ ಎರಡು ಉತ್ತರಗಳುಂಟು. ಕಡಿಮೆ ಬಿಸಿಯದು ಸ್ಥಿರ, ಹೆಚ್ಚು ಬಿಸಿಯದು ಅಸ್ಥಿರ. ಸರಿಯಾಗಿ ಆ ಮಿತಿಯಲ್ಲಿ ಒಂದೇ ಉತ್ತರ. ದಾಟಿತೋ, ಉತ್ತರವೇ ಇಲ್ಲ. ಉತ್ತರವಿಲ್ಲವೆಂದರೆ ಬಿಸಿ ಎಲ್ಲಿಯೂ ನಿಲ್ಲದು. ಏರುತ್ತ ಹೋಗಿ ಬಣವೆ ಹೊತ್ತಿಕೊಳ್ಳುತ್ತದೆ. ದಪ್ಪ ಇಮ್ಮಡಿಯಾದರೆ ಈ ಸಂಖ್ಯೆ ನಾಲ್ಮಡಿಯಾಗುವುದೆಂಬುದನ್ನು ರೈತರೂ ಉಗ್ರಾಣದವರೂ ಗಮನಿಸಬೇಕು. ರಷ್ಯದ ಫ್ರಾಂಕ್-ಕಾಮೆನೆಟ್ಸ್ಕಿ ಎಂಬ ವಿಜ್ಞಾನಿ 1930ರ ದಶಕದ ಕೊನೆಯಲ್ಲಿ ಸ್ಫೋಟಗಳ ವಿಚಾರವಾಗಿ ಈ ಬಗೆಯ ಲೆಕ್ಕವನ್ನೇ ಮಾಡಿದನು.

ಈ ಸಮೀಕರಣದ ಉತ್ತರವನ್ನು ಕೈಯಿಂದ ಬರೆದು ತೋರಿಸಬಹುದು. ಮಿಕ್ಕ ಬಹುಪಾಲು ಅಷ್ಟು ಸಾಧುವಲ್ಲ. ಗಣಕಯಂತ್ರಕ್ಕೆ ಒಪ್ಪಿಸಿದರಾಯಿತಲ್ಲ ಎಂದು ನಮ್ಮ ಹುಡುಗರು ಕೇಳಬಹುದು. ಯಂತ್ರವೇನೋ ಹಿಂಜರಿಯದು, ಇಲ್ಲದ ಉತ್ತರವನ್ನೂ ಒಮ್ಮೊಮ್ಮೆ ಮುದ್ರಿಸಿಕೊಡುತ್ತದೆ! ಆದುದರಿಂದ ಉತ್ತರ ಇದೆಯೇ ಎಂಬುದನ್ನು ಮೊದಲು ಕೇಳಬೇಕು. ಋಣವಾಗದ ಫಲನಗಳನ್ನೆಲ್ಲ ಒಂದು ಶಂಕುವಿನೊಳಗೆ ಕೂಡಿಹಾಕಿ, ಸಮೀಕರಣವು ಚಿಕ್ಕವನ್ನು ಹಿಗ್ಗಿಸಿ ದೊಡ್ಡವನ್ನು ಕುಗ್ಗಿಸುವುದಾದರೆ, ನಡುವೆ ಎಲ್ಲಿಯೋ ಹಿಗ್ಗದೆ ಕುಗ್ಗದೆ ನಿಲ್ಲುವ ಒಂದು ಇದ್ದೇ ಇರುತ್ತದೆಂದು ತೋರಿಸುವ ದಾರಿಯೊಂದುಂಟು. ಅದನ್ನು ರಷ್ಯದ ಕ್ರಾಸ್ನೊಸೆಲ್ಸ್ಕಿ ರೂಪಿಸಿದನು. ಚೀನಾದ ದಾಜುನ್ ಗುವೊ ಅವರೊಡನೆ ವಿ. ಲಕ್ಷ್ಮೀಕಾಂತಂ ಅವರು 1988ರಲ್ಲಿ ಈ ಶಂಕುಗಳ ಮೇಲೆಯೇ ಗ್ರಂಥ ಬರೆದರು. ಇಂದಿಗೂ ಈ ಕ್ಷೇತ್ರದವರು ಅದನ್ನು ಕೈಬಿಟ್ಟಿಲ್ಲ. ಲಕ್ಷ್ಮೀಕಾಂತಂ ಡಾಕ್ಟರೇಟ್ ಪಡೆದದ್ದು ಇಲ್ಲಿಯ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ.

ಅವರಿಗೂ ಮೊದಲು, 1930ರ ದಶಕದಲ್ಲಿ, ಅದೇ ಉಸ್ಮಾನಿಯಾದ ರಜಿಉದ್ದೀನ್ ಸಿದ್ದಿಖಿಯವರು ಶಾಖದ ಹರಿವಿನಂಥ ಅರೇಖೀಯ ಸಮೀಕರಣಗಳ ಗಡಿಸಮಸ್ಯೆಗಳನ್ನು ಕುರಿತು ಸಂಶೋಧನೆ ಮಾಡಿದ್ದರು. ಅವರು ಹುಟ್ಟಿದ್ದೂ ಹೈದರಾಬಾದಿನಲ್ಲಿ. 1918ರಲ್ಲಿ ಸ್ಥಾಪಿತವಾದ ಆ ವಿದ್ಯಾಲಯದಲ್ಲಿ ಆಗ ಗಣಿತವನ್ನೂ ಉರ್ದುವಿನಲ್ಲಿಯೇ ಬೋಧಿಸುತ್ತಿದ್ದರು. ಕನ್ನಡದಲ್ಲಿ ಇಂಥ ಪಾಠ ಸಾಗದೆಂದು ಮೂಗುಮುರಿಯುವವರಿಗೆ ನಾವು ಆಗಾಗ ಈ ಮಾತನ್ನು ನೆನಪಿಸುವುದುಂಟು.