ಮೊದಲ ‘ಯೆಸ್’ ಒತ್ತುವ ಮುನ್ನ

ರಾಯಚೂರಿನಲ್ಲಿ ಕೂತು ದೇವದುರ್ಗದ ಸ್ವಿಚ್ಚನ್ನೋ ಮಾನ್ವಿಯ ರೂಟರನ್ನೋ ಸರಿಪಡಿಸಬೇಕಾದ ಕಾಲವಿದು. ತಾಲ್ಲೂಕು ಕಚೇರಿಗಳಿಗೆ ರಾಜ್ಯ ಸರ್ಕಾರದ ಜಾಲ ಕೆಸ್ವಾನ್ ಇದೆ, ಗ್ರಾಮ ಪಂಚಾಯಿತಿಗಳತ್ತ ಭಾರತ್‌ನೆಟ್ ಫೈಬರ್ ಹೋಗಿದೆ. ಸಣ್ಣಪುಟ್ಟ ದೋಷಕ್ಕೆಲ್ಲ ಆ ಬಿಸಿಲಲ್ಲಿ ಬಸ್ಸು ಹಿಡಿದು ಹೋಗಲಾಗದು. ದೂರದಿಂದ ಲಾಗಿನ್ ಆಗಲೇಬೇಕು. ಆದರೆ ಆ ಕಡೆಯಿಂದ ಉತ್ತರಿಸುತ್ತಿರುವುದು ನಮ್ಮ ಯಂತ್ರವೇ ಎಂದು ಯಾವ ಆಧಾರದ ಮೇಲೆ ನಂಬುವುದು?

ದೂರದ ಲಾಗಿನ್‌ನ ಹಳೆಯ ವಿಧಾನವಾದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬೆತ್ತಲೆಯಾಗಿಯೇ ತಂತಿಯಲ್ಲಿ ಹರಿಯುತ್ತದೆ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದ ಮೇಲೆ ತಾತು ಇಲೋನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ರೂಪಿಸಿದರು. ಇಂದು ಅದರ ಸಿದ್ಧತೆ ಸುಲಭ: ಪುಟ್ಟಿ ಎಂಬ ತಂತ್ರಾಂಶ ತೆರೆದು ವಿಳಾಸ, ಪೋರ್ಟ್ 22 ಕೊಟ್ಟರಾಯಿತು. ವಿಂಡೋಸ್‌ನಲ್ಲಿ 2018ರಿಂದ ಓಪನ್‌ಎಸ್‌ಎಸ್‌ಎಚ್ ಕೂಡ ಜೊತೆಗೇ ಬರುತ್ತಿದೆ.

ಮೊದಲ ಸಲ ಜೋಡಿಸುವಾಗ ಈ ತಂತ್ರಾಂಶ ಆ ಕಡೆಯ ಯಂತ್ರದ ಕೀಲಿಯನ್ನು ಗುರುತಿಸುವ ಒಂದು ಫಿಂಗರ್‌ಪ್ರಿಂಟ್ ತೋರಿಸಿ, ನಂಬುತ್ತೀರಾ ಎಂದು ಕೇಳುತ್ತದೆ. ಬಹುತೇಕರು ಓದದೆ ಒಪ್ಪುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಮಾತನ್ನು ಗುಟ್ಟಾಗಿಡುವುದು ಬೇರೆ, ಯಾರೊಂದಿಗೆ ಮಾತಾಡುತ್ತಿದ್ದೇವೆಂದು ತಿಳಿಯುವುದು ಬೇರೆ. ನಡುವೆ ಒಬ್ಬ ಕೂತಿದ್ದರೆ ನಮ್ಮ ಪಾಸ್‌ವರ್ಡನ್ನು ನಾವೇ ಬಲು ಗುಟ್ಟಾಗಿ ಅವನ ಕೈಗೆ ಕೊಡುತ್ತೇವೆ!

ಆದ್ದರಿಂದ ಒಂದು ಪ್ರಯಾಣವನ್ನು ಮಾತ್ರ ಉಳಿಸಬಾರದು. ಯಂತ್ರ ಕೂರಿಸುವ ದಿನವೇ ದೇವದುರ್ಗದಲ್ಲಿ ಕನ್ಸೋಲ್ ಕೇಬಲ್ ಹಾಕಿ, ಕೀಲಿ ಸೃಷ್ಟಿಸಿ, ಅದರ ಫಿಂಗರ್‌ಪ್ರಿಂಟ್ ಬರೆದುಕೊಂಡು ಬರಬೇಕು. ಹೋದವರು ಫೋನಿನಲ್ಲಿ ಓದಿ ಹೇಳಿದರೂ ಆದೀತು, ದನಿ ಪರಿಚಿತವಾಗಿದ್ದರೆ. ಓಪನ್‌ಎಸ್‌ಎಸ್‌ಎಚ್‌ನಲ್ಲಿ ‘ಯೆಸ್’ ಬದಲು ಆ ಫಿಂಗರ್‌ಪ್ರಿಂಟನ್ನೇ ಅಂಟಿಸಿದರೆ ಹೋಲಿಕೆಯನ್ನು ಅದೇ ಮಾಡುತ್ತದೆ.

ಇಷ್ಟು ಸಮಯ ಯಾರಿಗಿದೆ ಎನ್ನುವವರಿದ್ದಾರೆ. ಸಿಬ್ಬಂದಿ ಕಡಿಮೆ ಎಂಬುದು ನಿಜ. ಆದರೆ ಸಿಡಿಲಿಗೆ ಮಾನ್ವಿಯ ರೂಟರ್ ಸುಟ್ಟು ಹೊಸದು ಬಂದಾಗ, ಕೀಲಿ ಬದಲಾಗಿದೆ ಎಂದು ಪರದೆ ಎಚ್ಚರಿಸುತ್ತದೆ. ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಅದು ಹೊಸ ರೂಟರೋ ಮೋಸವೋ ಹೇಳುವವರಾರು? ಹಾಗೆ ನಾಲ್ಕು ಸಲ ಕಣ್ಣುಮುಚ್ಚಿ ಒಪ್ಪಿದವರು ಐದನೆಯದನ್ನೂ ಒಪ್ಪುತ್ತಾರೆ.

ಹಳೆಯ ಸ್ವಿಚ್‌ಗಳ ಹಳೆಯ ಗೂಢಲಿಪಿಯನ್ನು ಹೊಸ ಕ್ಲೈಂಟ್‌ಗಳು ನಿರಾಕರಿಸುವುದೂ ಉಂಟು. ಆಗ ಟೆಲ್ನೆಟ್‌ಗೆ ಮರಳಬೇಡಿ. ಆ ಒಂದೇ ವಿಳಾಸಕ್ಕೆ ವಿನಾಯಿತಿ ಕೊಟ್ಟು, ಸ್ವಿಚ್ ಬದಲಿಸಲು ಬೇಡಿಕೆ ಕಳಿಸಿ.

ಯಂತ್ರಕ್ಕೂ ನಾವು ಯಾರೆಂದು ತಿಳಿಯಬೇಕು. ಎಲ್ಲರಿಗೂ ಒಂದೇ ‘ಅಡ್ಮಿನ್’ ಇದ್ದರೆ ರಾತ್ರಿ ಸಂರಚನೆ ಬದಲಿಸಿದವರು ರಾಯಚೂರಿನವರೋ, ವರ್ಗವಾಗಿ ಹೋದವರೋ ಲಾಗ್ ಹೇಳದು. ಪ್ರತಿಯೊಬ್ಬರಿಗೂ ಬೇರೆ ಖಾತೆ ಇರಲಿ, ವರ್ಗಾವಣೆಯ ದಿನವೇ ಅದು ಮುಚ್ಚಲಿ.